ಎಕ್ಸರ್‌ಸೈಜ್ ಸೈಕಲ್: ಮೊಣಕಾಲು ಸವೆಯುತ್ತದೆಯೇ, ಒಬ್ಬರೇ ಎತ್ತಬಹುದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಮನೆಯೊಳಗೆ ಸೈಕಲ್ ತುಳಿದರೆ ಮೊಣಕಾಲಿನ ಎಣ್ಣೆ ಮುಗಿದುಹೋಗುತ್ತದೆ." "ರೈನ್‌ಕೋಟ್ ಹಾಕಿಕೊಂಡು ತುಳಿದರೆ ಹೊಟ್ಟೆಯ ಕೊಬ್ಬು ಬೇಗ ಕರಗುತ್ತದೆ." "ಅಡಿಯಲ್ಲಿ ಚಕ್ರ ಇದೆಯಲ್ಲ, ಒಬ್ಬರೇ ತಳ್ಳಿಕೊಂಡು ಹೋಗಬಹುದು." ವ್ಯಾಯಾಮದ ಸೈಕಲ್ ಬಗ್ಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂತಹ ಮಾತುಗಳು ಆಗಾಗ ಓಡಾಡುತ್ತವೆ. ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸರಿ. ಒಂದೆರಡು ಮಾತ್ರ ನಿಜಕ್ಕೂ ಅಪಾಯಕಾರಿ.

ಮಂಗಳೂರಿನಲ್ಲಿ ಈ ಸೈಕಲ್ಲಿಗೆ ಒಂದು ವಿಶೇಷ ಸ್ಥಾನವಿದೆ. ಇಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕದ್ರಿ ಪಾರ್ಕಿನಲ್ಲೋ ಮಂಗಳಾ ಕ್ರೀಡಾಂಗಣದಲ್ಲೋ ನಡೆಯುತ್ತಿದ್ದವರು ಆ ನಾಲ್ಕು ತಿಂಗಳು ಮನೆಯೊಳಗೇ ಉಳಿಯುತ್ತಾರೆ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಅಥವಾ ಮಗಳು "ಅಮ್ಮನಿಗೆ ಶುಗರ್ ಇದೆ, ಮಳೆಯಲ್ಲಿ ವಾಕಿಂಗ್ ಆಗುವುದಿಲ್ಲ" ಎಂದು ಆನ್‌ಲೈನ್‌ನಲ್ಲಿ ಒಂದು ಸೈಕಲ್ ತರಿಸಿಕೊಡುತ್ತಾರೆ. ಮೊದಲ ತಿಂಗಳು ಅದರ ಮೇಲೆ ಅಮ್ಮ ಕೂರುತ್ತಾರೆ. ಎರಡನೇ ತಿಂಗಳಿಂದ ಒದ್ದೆ ಬಟ್ಟೆ ಕೂರುತ್ತದೆ!

ನಗುವ ವಿಷಯ ಹೌದು. ಆದರೆ ಬೆರಳು ಸಿಕ್ಕಿಕೊಂಡ ಮಗು, ಮೆಟ್ಟಿಲಿನಲ್ಲಿ ಸೈಕಲ್ ಇಳಿಸುವಾಗ ಸೊಂಟ ಹಿಡಿದ ಅಪ್ಪ, ಸಕ್ಕರೆ ಇಳಿದು ತಲೆ ತಿರುಗಿದ ಅಜ್ಜಿ, ಇವೆಲ್ಲ ಈ ಯಂತ್ರದ ಸುತ್ತ ಆಗಬಹುದಾದ ಸಂಗತಿಗಳೇ. ಆದ್ದರಿಂದ ಯಂತ್ರ ಕೆಲಸ ಮಾಡುವ ರೀತಿ, ಫಾರ್ವರ್ಡ್‌ಗಳಲ್ಲಿನ ಸತ್ಯ, ಸುರಕ್ಷಿತವಾಗಿ ಬಳಸುವ ಮತ್ತು ಸಾಗಿಸುವ ಕ್ರಮ, ಈ ಮೂರನ್ನೂ ಒಂದೊಂದಾಗಿ ನೋಡೋಣ.

ಯಂತ್ರದ ಒಳಗೆ ಏನಿದೆ?

ಪೆಡಲ್ ತುಳಿದಾಗ ಚೈನ್ ಅಥವಾ ಬೆಲ್ಟ್ ಮೂಲಕ ಒಂದು ಭಾರವಾದ ಚಕ್ರ ತಿರುಗುತ್ತದೆ. ಇದಕ್ಕೆ ಫ್ಲೈವೀಲ್ ಎನ್ನುತ್ತಾರೆ. ತುಳಿತ ಎಳೆದಾಡದೆ ನಯವಾಗಿರಲಿ ಎಂದೇ ಅದನ್ನು ಭಾರವಾಗಿ ಮಾಡಿರುತ್ತಾರೆ. ಸಾಮಾನ್ಯ ಮನೆಬಳಕೆಯ ಸೈಕಲ್ಲಿನಲ್ಲಿ ಇದು ಕೆಲವೇ ಕೆ.ಜಿ. ಇರಬಹುದು, ಜಿಮ್‌ಗಳಲ್ಲಿ ಕಾಣುವ ಸ್ಪಿನ್ ಬೈಕಿನಲ್ಲಿ 18-20 ಕೆ.ಜಿ. ಕೂಡ ಇರುತ್ತದೆ.

ತುಳಿಯುವುದನ್ನು ಕಷ್ಟ ಮಾಡಲು ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದರಲ್ಲಿ ಫೆಲ್ಟ್ ಪ್ಯಾಡ್ ಚಕ್ರವನ್ನು ಒತ್ತಿ ಹಿಡಿಯುತ್ತದೆ, ಇದು ಮಾಮೂಲಿ ಸೈಕಲ್ಲಿನ ಬ್ರೇಕಿನ ಹಾಗೆ. ಇನ್ನೊಂದರಲ್ಲಿ ಅಯಸ್ಕಾಂತವು ಚಕ್ರವನ್ನು ಮುಟ್ಟುವುದೇ ಇಲ್ಲ. ತಿರುಗುವ ಲೋಹದ ಹತ್ತಿರ ಅಯಸ್ಕಾಂತ ಬಂದಾಗ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದು ತಿರುಗುವಿಕೆಗೆ ಅಡ್ಡಿ ಮಾಡುತ್ತದೆ. ಸದ್ದು ಕಡಿಮೆ, ಸವೆತವೂ ಕಡಿಮೆ. ಆದರೆ ಒಂದು ವಿಷಯ ನೆನಪಿಡಿ: ಈ ತಡೆ ಚಕ್ರ ತಿರುಗುತ್ತಿರುವಾಗ ಮಾತ್ರ ಹುಟ್ಟುತ್ತದೆ. ನಿಂತ ಚಕ್ರವನ್ನು ಅಯಸ್ಕಾಂತ ಲಾಕ್ ಮಾಡುವುದಿಲ್ಲ. ಸಾಗಿಸುವಾಗ ಇದು ಬಹಳ ಮುಖ್ಯವಾಗುತ್ತದೆ.

ಇನ್ನೊಂದು ವ್ಯತ್ಯಾಸ ಗೊತ್ತಿರಬೇಕು. ರಸ್ತೆಯ ಸೈಕಲ್ಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಪೆಡಲ್ ನಿಲ್ಲುತ್ತದೆ, ಚಕ್ರ ಮಾತ್ರ ಓಡುತ್ತದೆ. ಅನೇಕ ಸ್ಪಿನ್ ಬೈಕುಗಳಲ್ಲಿ ಹಾಗಲ್ಲ. ಚಕ್ರ ತಿರುಗುತ್ತಿರುವವರೆಗೂ ಪೆಡಲ್ ಕೂಡ ತಿರುಗುತ್ತಲೇ ಇರುತ್ತದೆ, ನಿಮ್ಮ ಕಾಲನ್ನೂ ಎಳೆದುಕೊಂಡು ಹೋಗುತ್ತದೆ. ವ್ಯಾಯಾಮ ಉಪಕರಣಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್ಒ 20957ರಲ್ಲಿ ಇಂತಹ ಸೈಕಲ್ಲುಗಳಿಗೆಂದೇ ಒಂದು ಪ್ರತ್ಯೇಕ ಭಾಗವಿದೆ.

ಒಂದು ಸಣ್ಣ ಲೆಕ್ಕ ಹಾಕೋಣ. 18 ಕೆ.ಜಿ. ತೂಕದ, 44 ಸೆಂ.ಮೀ. ಅಡ್ಡಳತೆಯ ಚಕ್ರ ನಿಮಿಷಕ್ಕೆ 300 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅದರಲ್ಲಿ ತುಂಬಿರುವ ಶಕ್ತಿ ಸುಮಾರು 215 ಜೌಲ್. 20 ಕೆ.ಜಿ.ಗಿಂತ ತುಸು ಹೆಚ್ಚಿನ ಅಕ್ಕಿ ಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಹೊಡೆತ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದಕ್ಕೇ ತಿರುಗುವ ಚಕ್ರವನ್ನು ಕೈಯಿಂದ ನಿಲ್ಲಿಸಬಾರದು, ಪೆಡಲ್ ತಿರುಗುತ್ತಿರುವಾಗ ಇಳಿಯಬಾರದು. ಮೊದಲ ದಿನವೇ ನಿಮ್ಮ ಸೈಕಲ್ಲಿನ ಬ್ರೇಕ್ ನಾಬ್ ಎಲ್ಲಿದೆ ಎಂದು ನೋಡಿಕೊಳ್ಳಿ. ಹೆಚ್ಚಿನ ಸ್ಪಿನ್ ಬೈಕುಗಳಲ್ಲಿ ತಡೆ ಹೆಚ್ಚಿಸುವ ಅದೇ ನಾಬನ್ನು ಕೆಳಕ್ಕೆ ಒತ್ತಿದರೆ ಚಕ್ರ ನಿಲ್ಲುತ್ತದೆ.

ಫಾರ್ವರ್ಡ್ 1: "ಮೊಣಕಾಲಿನ ಎಣ್ಣೆ ಮುಗಿಯುತ್ತದೆ"

ತಪ್ಪು. ಜನ "ಎಣ್ಣೆ" ಎನ್ನುವುದು ಕೀಲಿನೊಳಗಿನ ಸೈನೋವಿಯಲ್ ದ್ರವವನ್ನು. ಅದು ಬಾಟಲಿಯಲ್ಲಿ ತುಂಬಿಟ್ಟ ಎಣ್ಣೆಯಲ್ಲ, ಕೀಲಿನ ಒಳಪೊರೆ ಅದನ್ನು ನಿರಂತರವಾಗಿ ತಯಾರಿಸುತ್ತಲೇ ಇರುತ್ತದೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಅಲುಗಾಡಿದಾಗ ಈ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗುತ್ತದೆ. ಅಂದರೆ ಅಲುಗಾಡಿಸದೆ ಇಡುವುದೇ ಕೀಲಿಗೆ ನಷ್ಟ.

ಸೈಕಲ್ ತುಳಿಯುವಾಗ ದೇಹದ ಹೆಚ್ಚಿನ ಭಾರವನ್ನು ಸೀಟು ಹೊರುತ್ತದೆ. ಓಡುವಾಗ ಆಗುವಂತೆ ಪ್ರತಿ ಹೆಜ್ಜೆಗೂ ಮೊಣಕಾಲಿಗೆ ಪೆಟ್ಟು ಬೀಳುವುದಿಲ್ಲ. ಹಾಗಾಗಿಯೇ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರ ತನ್ನ ಮಾರ್ಗಸೂಚಿಯಲ್ಲಿ ಮೊಣಕಾಲು ಸವೆತ ಇರುವವರಿಗೂ ವ್ಯಾಯಾಮವನ್ನು ಬಲವಾಗಿ ಶಿಫಾರಸು ಮಾಡಿದೆ. ಸೈಕಲ್ ತುಳಿಯುವುದೂ ಅಂತಹ ವ್ಯಾಯಾಮಗಳಲ್ಲಿ ಒಂದು. 2024ರಲ್ಲಿ ಪ್ರಕಟವಾದ, 2,600ಕ್ಕೂ ಹೆಚ್ಚು ಜನರನ್ನು ಒಳಗೊಂಡ ಒಂದು ಅಮೆರಿಕನ್ ಅಧ್ಯಯನದಲ್ಲಿ, ಜೀವನದಲ್ಲಿ ಸೈಕಲ್ ತುಳಿದ ಅಭ್ಯಾಸವಿದ್ದವರಿಗೆ ಮೊಣಕಾಲು ನೋವು ಕಡಿಮೆ ಇರುವುದು ಕಂಡುಬಂತು. ಸೈಕಲ್ಲಿನಿಂದಲೇ ನೋವು ಕಡಿಮೆಯಾಯಿತು ಎಂದು ಈ ಒಂದು ಅಧ್ಯಯನದಿಂದ ಹೇಳಲಾಗದು. ಆದರೆ "ಸೈಕಲ್ ಮೊಣಕಾಲು ಸವೆಸುತ್ತದೆ" ಎಂಬ ಮಾತಿಗೆ ಅದು ಬೆಂಬಲ ಕೊಡುವುದಿಲ್ಲ.

ಹಾಗಾದರೆ ಕೆಲವರಿಗೆ ತುಳಿದ ಮೇಲೆ ಮೊಣಕಾಲು ನೋಯುವುದೇಕೆ? ಹೆಚ್ಚಿನ ಸಲ ಕಾರಣ ಸೀಟಿನ ಎತ್ತರ. ಸೀಟು ತೀರಾ ತಗ್ಗಿದ್ದರೆ ಮೊಣಕಾಲು ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತದೆ. ತೀರಾ ಎತ್ತರ ಇದ್ದರೆ ಸೊಂಟ ಆಚೀಚೆ ಓಲಾಡಿ ತೊಡೆಯ ಹಿಂಭಾಗ ಮತ್ತು ಬೆನ್ನು ನೋಯುತ್ತವೆ.

ಸರಿ ಮಾಡಿಕೊಳ್ಳುವ ಸುಲಭ ಕ್ರಮ ಇದು. ಸೈಕಲ್ಲಿನ ಪಕ್ಕ ನಿಂತು ಸೀಟನ್ನು ಸೊಂಟದ ಮೂಳೆಯ ಎತ್ತರಕ್ಕೆ ತನ್ನಿ. ಕೂತು, ಪೆಡಲನ್ನು ಅತಿ ಕೆಳಕ್ಕೆ ತಂದು, ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗೆ ಚಾಚಿರಬೇಕು. ಈಗ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮೊಣಕಾಲು ಸ್ವಲ್ಪ ಮಡಚಿರುತ್ತದೆ, ಸುಮಾರು 25ರಿಂದ 35 ಡಿಗ್ರಿ. ಅಷ್ಟು ಸಾಕು. ಮನೆಯಲ್ಲಿ ಇಬ್ಬರು ಬಳಸುವುದಾದರೆ ಇಬ್ಬರ ಎತ್ತರಕ್ಕೂ ಸೀಟಿನ ಕಂಬದ ಮೇಲೆ ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿಟ್ಟುಕೊಳ್ಳಿ.

ಕಂಬದ ಮೇಲೆ ಕಂಪನಿಯವರೇ ಹಾಕಿದ ಒಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಮೇಲೆ ಎಳೆಯಬಾರದು. ಒಳಗೆ ಉಳಿಯುವ ಭಾಗ ಕಡಿಮೆಯಾದರೆ ಕಂಬ ಬಾಗಬಹುದು, ಮುರಿಯಬಹುದು. ಸೀಟಿನ ಕಂಬ ಮುರಿಯುವುದು ಕಲ್ಪನೆಯ ಅಪಾಯವಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಲೊಟಾನ್ ಕಂಪನಿಯ ಸುಮಾರು 22 ಲಕ್ಷ ಸೈಕಲ್ಲುಗಳ ಸೀಟಿನ ಕಂಬಗಳನ್ನು ಹಿಂಪಡೆಯಲಾಯಿತು. ಬಳಸುತ್ತಿರುವಾಗಲೇ ಕಂಬ ಮುರಿದ 35 ವರದಿಗಳು ಬಂದಿದ್ದವು, ಕೆಲವರಿಗೆ ಗಾಯಗಳೂ ಆಗಿದ್ದವು. ಪ್ರತಿ ಸೈಕಲ್ಲಿಗೂ ಗರಿಷ್ಠ ತೂಕದ ಮಿತಿ ಇರುತ್ತದೆ. ಕೊಳ್ಳುವ ಮೊದಲು ಅದನ್ನೂ ಓದಿ.

ಫಾರ್ವರ್ಡ್ 2: "ರೈನ್‌ಕೋಟ್ ಹಾಕಿ ತುಳಿದರೆ ಕೊಬ್ಬು ಕರಗುತ್ತದೆ"

ತಪ್ಪು, ಅಪಾಯಕಾರಿ ಕೂಡ. ಬೆವರು ಎಂದರೆ ನೀರು ಮತ್ತು ಉಪ್ಪು, ಅದರಲ್ಲಿ ಕರಗಿದ ಕೊಬ್ಬು ಇರುವುದಿಲ್ಲ. ತೂಕದ ಯಂತ್ರದಲ್ಲಿ ಕಡಿಮೆಯಾಗಿ ಕಾಣುವ ಅರ್ಧ ಕೆ.ಜಿ., ಎರಡು ಲೋಟ ನೀರು ಕುಡಿದರೆ ವಾಪಸ್ ಬರುತ್ತದೆ.

ತುಳಿಯುವಾಗ ನಾವು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಪೆಡಲಿಗೆ ಹೋಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಪೆಡಲಿಗೆ 100 ವ್ಯಾಟ್ ಕೊಡುವಾಗ ದೇಹ 300 ವ್ಯಾಟಿಗೂ ಹೆಚ್ಚು ಶಾಖವನ್ನು ಹೊರಹಾಕಬೇಕು. ರಸ್ತೆಯಲ್ಲಿ ಎದುರುಗಾಳಿ ಆ ಕೆಲಸಕ್ಕೆ ಸಹಾಯ ಮಾಡುತ್ತದೆ. ಕೋಣೆಯೊಳಗೆ ಸೈಕಲ್ ಇದ್ದಲ್ಲೇ ಇರುವುದರಿಂದ ಗಾಳಿ ಇಲ್ಲ. ಬೆವರು ಆರಿದರೆ ಮಾತ್ರ ದೇಹ ತಣ್ಣಗಾಗುತ್ತದೆ, ಬರೀ ಸುರಿದರೆ ಆಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರುವುದೇ ನಿಧಾನ. ಅದರ ಮೇಲೆ ಪ್ಲಾಸ್ಟಿಕ್ ಹೊದ್ದರೆ ಆರುವ ದಾರಿಯನ್ನೇ ಮುಚ್ಚಿದಂತೆ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಹೀಗೆ ಮಾಡಿದರೆ ತಲೆಸುತ್ತು, ವಾಂತಿ, ಕೊನೆಗೆ ಶಾಖಾಘಾತವೂ ಆಗಬಹುದು.

ತೆಳುವಾದ ಹತ್ತಿ ಬಟ್ಟೆ ಹಾಕಿ, ಫ್ಯಾನ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಪಕ್ಕದಲ್ಲಿ ನೀರು ಇರಲಿ. ಕರೆಂಟ್ ಹೋದರೆ ವೇಗ ಇಳಿಸಿ.

ಫಾರ್ವರ್ಡ್ 3: "ಪರದೆಯಲ್ಲಿ 300 ಕ್ಯಾಲೊರಿ ತೋರಿಸಿದರೆ 300 ಕರಗಿದಂತೆ"

ಅರ್ಧ ಸರಿ. ಸಾಮಾನ್ಯ ಮನೆಬಳಕೆಯ ಸೈಕಲ್ಲಿನ ಮೀಟರಿಗೆ ನಿಮ್ಮ ತೂಕವಾಗಲೀ ವಯಸ್ಸಾಗಲೀ ಗೊತ್ತಿರುವುದಿಲ್ಲ. ಎಷ್ಟು ತಡೆ ಇಟ್ಟಿದ್ದೀರಿ ಎಂಬುದನ್ನೂ ಅನೇಕ ಮೀಟರ್‌ಗಳು ಅಳೆಯುವುದಿಲ್ಲ. ಸುತ್ತುಗಳನ್ನು ಎಣಿಸಿ ಒಂದು ಅಂದಾಜು ಕೊಡುತ್ತವೆ, ಅಷ್ಟೆ.

ನಾವೇ ಲೆಕ್ಕ ಹಾಕಬಹುದು. 60 ಕೆ.ಜಿ. ತೂಕದವರು ಅರ್ಧ ಗಂಟೆ ಹಗುರವಾಗಿ ತುಳಿದರೆ ಸುಮಾರು 105 ಕಿಲೋಕ್ಯಾಲೊರಿ, ಸ್ವಲ್ಪ ಏದುಸಿರು ಬರುವಂತೆ ತುಳಿದರೆ ಸುಮಾರು 200. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕಿಲೋಕ್ಯಾಲೊರಿ ಇರುತ್ತದೆ. ಮೀಟರ್ ನೋಡಿ ಖುಷಿಯಿಂದ ಸಂಜೆ ಒಂದು ಪ್ಲೇಟ್ ಗೋಳಿಬಜೆ ತಿಂದರೆ ಲೆಕ್ಕ ಎಲ್ಲಿಗೆ ಬರುತ್ತದೆ ಎಂದು ನೀವೇ ಊಹಿಸಿ.

ಹಾಗೆಂದು ತುಳಿಯುವುದು ವ್ಯರ್ಥವಲ್ಲ. ತೂಕ ಇಳಿಯದಿದ್ದರೂ ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ನಿದ್ದೆಗೆ ವ್ಯಾಯಾಮದಿಂದ ಲಾಭವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮವನ್ನು ಸೂಚಿಸುತ್ತದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2023ರ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ, ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಮಳೆಗಾಲದ ನಾಲ್ಕು ತಿಂಗಳು ಕೂತೇ ಕಳೆಯುವುದಕ್ಕಿಂತ ದಿನಕ್ಕೆ 20-30 ನಿಮಿಷ ತುಳಿಯುವುದು ಎಷ್ಟೋ ಮೇಲು.

ಫಾರ್ವರ್ಡ್ 4: "ವ್ಯಾಯಾಮದಿಂದಲೇ ಹೃದಯಾಘಾತ ಆಗುತ್ತಿದೆ"

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ಇಡೀ ಕರ್ನಾಟಕ ಬೆಚ್ಚಿಬಿದ್ದಿತು. ಹೃದಯ ತಪಾಸಣೆಗೆ ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ಜಿಮ್‌ಗೆ ಹೋಗುವುದೇ ಅಪಾಯ ಎಂಬ ಸಂದೇಶಗಳು ಅಂದಿನಿಂದ ನಿಂತಿಲ್ಲ. ಆ ಭಯ ಅರ್ಥವಾಗುವಂಥದ್ದು. ಆದರೆ ಒಬ್ಬರ ಸಾವಿನಿಂದ ಎಲ್ಲರಿಗೂ ನಿಯಮ ಮಾಡಲಾಗದು.

ಈ ಪ್ರಶ್ನೆಗೆ ಹಳೆಯದೊಂದು ಒಳ್ಳೆಯ ಉತ್ತರವಿದೆ. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ ಹೃದಯಾಘಾತವಾದ 1,228 ಜನರನ್ನು ವಿಚಾರಿಸಲಾಯಿತು. ಭಾರೀ ಶ್ರಮ ಪಟ್ಟ ನಂತರದ ಒಂದು ಗಂಟೆಯಲ್ಲಿ ಅಪಾಯ ಏರುವುದು ನಿಜ. ಆದರೆ ಎಷ್ಟು ಏರುತ್ತದೆ ಎಂಬುದು ಅಭ್ಯಾಸದ ಮೇಲೆ ನಿಂತಿತ್ತು. ವಾರಕ್ಕೆ ಒಮ್ಮೆಯೂ ಭಾರೀ ಶ್ರಮ ಪಡದವರಲ್ಲಿ ಅದು 107 ಪಟ್ಟು ಏರಿದರೆ, ವಾರಕ್ಕೆ ಐದು ಅಥವಾ ಹೆಚ್ಚು ಸಲ ಶ್ರಮ ಪಡುವವರಲ್ಲಿ ಏರಿದ್ದು 2.4 ಪಟ್ಟು ಮಾತ್ರ. ಆ ಒಂದು ಗಂಟೆಯ ಮೂಲ ಅಪಾಯವೇ ಬಹಳ ಸಣ್ಣದಾದ್ದರಿಂದ ಈ ಸಂಖ್ಯೆ ಕಂಡು ಹೆದರಬೇಕಿಲ್ಲ. ಕಲಿಯಬೇಕಾದದ್ದು ಇಷ್ಟು: ತಿಂಗಳುಗಟ್ಟಲೆ ಕೂತಿದ್ದು ಒಂದು ದಿನ ಧಡಕ್ಕನೆ ಪೂರ್ತಿ ಜೋರಿನಲ್ಲಿ ತುಳಿಯಬಾರದು.

ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು. ತುಳಿಯುತ್ತಾ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅದೇ ಮಧ್ಯಮ ಶ್ರಮ. ಆರಂಭದಲ್ಲಿ ಮತ್ತು ಕೊನೆಯಲ್ಲಿ ಐದೈದು ನಿಮಿಷ ಹಗುರವಾಗಿ ತುಳಿಯಿರಿ. ಜೋರಾಗಿ ತುಳಿದು ಒಮ್ಮೆಲೇ ಇಳಿದು ನಿಂತರೆ ರಕ್ತ ಕಾಲುಗಳಲ್ಲೇ ಉಳಿದು ತಲೆ ತಿರುಗಬಹುದು.

ಹೃದಯದ ತೊಂದರೆ, ನಿಯಂತ್ರಣದಲ್ಲಿಲ್ಲದ ರಕ್ತದೊತ್ತಡ ಅಥವಾ ಹಿಂದೆ ಎದೆನೋವು ಬಂದ ಇತಿಹಾಸ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಏರುವುದೇ ಕಡಿಮೆ, ಅವರು ಪರದೆಯ ಹೃದಯ ಬಡಿತದ ಸಂಖ್ಯೆಯನ್ನು ನಂಬಿಕೊಂಡು ಶ್ರಮ ಹೆಚ್ಚಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ತುಳಿಯಬೇಡಿ. ಗ್ಲೂಕೋಸ್ ಅಥವಾ ಸಕ್ಕರೆ ಕೈಗೆಟುಕುವಲ್ಲಿ ಇರಲಿ, ಮನೆಯಲ್ಲಿ ಯಾರಾದರೂ ಇರುವ ಹೊತ್ತಿಗೆ ತುಳಿಯುವುದು ಒಳ್ಳೆಯದು. ಪಾದದ ಸ್ಪರ್ಶ ಕಡಿಮೆಯಾದವರಿಗೆ ಶೂ ಕಡ್ಡಾಯ.

ಎದೆ ಬಿಗಿತ, ದವಡೆ ಅಥವಾ ಎಡಗೈಗೆ ಹರಡುವ ನೋವು, ತಣ್ಣನೆಯ ಬೆವರು, ಅಸಹಜ ಉಸಿರಾಟದ ಕಷ್ಟ ಕಂಡರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡಿ. "ಗ್ಯಾಸ್ ಇರಬಹುದು" ಎಂದು ಕಾಯಬೇಡಿ.

ಇನ್ನೊಂದು ಅಪರೂಪದ ತೊಂದರೆಯೂ ಇದೆ. ಮೊದಲ ಸಲವೇ ಅತಿಯಾಗಿ ತುಳಿದವರಲ್ಲಿ ತೊಡೆಯ ಸ್ನಾಯುಗಳು ಒಡೆದು, ಅದರ ಅಂಶಗಳು ಮೂತ್ರಪಿಂಡಕ್ಕೆ ಹಾನಿ ಮಾಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇದಕ್ಕೆ ರಾಬ್ಡೊಮಯೊಲಿಸಿಸ್ ಎಂದು ಹೆಸರು. ಒಂದೆರಡು ದಿನಗಳ ಬಳಿಕ ತೊಡೆ ವಿಪರೀತ ನೋಯುತ್ತಾ ಊದಿಕೊಂಡು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಮಾಮೂಲಿ ಮೈಕೈ ನೋವಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ.

ಫಾರ್ವರ್ಡ್ 5: "ರಸ್ತೆಗೆ ಹೋಗದ ಸೈಕಲ್, ಮಕ್ಕಳು ಆಡಲಿ ಬಿಡಿ"

ಈ ಪಟ್ಟಿಯಲ್ಲಿ ನಮಗೆ ಅತಿ ಹೆಚ್ಚು ಆತಂಕ ಕೊಡುವ ಮಾತು ಇದು. ವ್ಯಾಯಾಮದ ಸೈಕಲ್ಲಿನ ಚೈನ್ ಅಥವಾ ಚಕ್ರದಲ್ಲಿ ಸಿಕ್ಕಿ ಪುಟ್ಟ ಮಕ್ಕಳ ಬೆರಳು ತುಂಡಾದ ಪ್ರಕರಣಗಳನ್ನು ಬೇರೆ ಬೇರೆ ದೇಶಗಳ ಶಸ್ತ್ರಚಿಕಿತ್ಸಕರು ದಶಕಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಅಪಾಯದ ಬಗೆ ಸರಳ: ದೊಡ್ಡವರೋ ಅಣ್ಣನೋ ಅಕ್ಕನೋ ತುಳಿಯುತ್ತಿರುವಾಗ ಕುತೂಹಲದಿಂದ ಹತ್ತಿರ ಬಂದ ಮಗು ತಿರುಗುವುದನ್ನು ಮುಟ್ಟುತ್ತದೆ. ಚೈನಿಗೆ ಪೂರ್ತಿ ಮುಚ್ಚಳ ಇಲ್ಲದ ಹಳೆಯ ಮಾದರಿಗಳಲ್ಲಿ, ಚಕ್ರ ಹೊರಗೆ ಕಾಣುವ ಸ್ಪಿನ್ ಬೈಕುಗಳಲ್ಲಿ ಈ ಅಪಾಯ ಹೆಚ್ಚು.

ತುಳಿಯುವಾಗ ಬಾಗಿಲು ಮುಚ್ಚಿಕೊಳ್ಳಿ. ಇಯರ್‌ಫೋನ್ ಹಾಕಿಕೊಂಡಿದ್ದರೆ ಮಗು ಬಂದದ್ದೇ ತಿಳಿಯುವುದಿಲ್ಲ. ಬಳಕೆಯ ನಂತರ ಪೆಡಲನ್ನು ಚೌಕಟ್ಟಿಗೆ ಒಂದು ಗಟ್ಟಿ ಪಟ್ಟಿಯಿಂದ ಕಟ್ಟಿಡಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ, ಕಿಟಕಿಯ ಪಕ್ಕದಲ್ಲಿ ಸೈಕಲ್ ಇಡಲೇಬೇಡಿ. ಸೀಟು ಹತ್ತಿದ ಮಗುವಿಗೆ ಕಂಬಿ ದಾಟಲು ಅದೇ ಏಣಿಯಾಗುತ್ತದೆ.

ದೊಡ್ಡವರೂ ಉಡುಪಿನ ಬಗ್ಗೆ ಎಚ್ಚರವಾಗಿರಬೇಕು. ಸೀರೆಯ ಸೆರಗು, ದುಪಟ್ಟಾ, ಲುಂಗಿ, ಉದ್ದ ನೈಟಿ, ಬಿಚ್ಚಿದ ಶೂ ಲೇಸ್, ಇವೆಲ್ಲ ಪೆಡಲಿಗೆ ಸುತ್ತಿಕೊಳ್ಳುತ್ತವೆ. ಹವಾಯಿ ಚಪ್ಪಲಿಯೂ ಬೇಡ, ಬರಿಗಾಲೂ ಬೇಡ.

ಅಕಸ್ಮಾತ್ ಬೆರಳು ತುಂಡಾದರೆ ಗಾಯದ ಮೇಲೆ ಕಾಫಿ ಪುಡಿ, ಅರಸಿನ ಹಾಕಬೇಡಿ. ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲಕ್ಕೆತ್ತಿ. ತುಂಡಾದ ಭಾಗವನ್ನು ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಬೆರಳು ನೇರವಾಗಿ ಐಸಿಗೆ ತಾಗಬಾರದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಫಾರ್ವರ್ಡ್ 6: "ಚಕ್ರ ಇದೆ, ಒಬ್ಬರೇ ಸಾಗಿಸಬಹುದು"

ಅರ್ಧ ಸರಿ. ಮುಂದಿನ ಕಾಲಿನಲ್ಲಿರುವ ಎರಡು ಪುಟ್ಟ ಚಕ್ರಗಳು ಸಮತಟ್ಟಾದ ನೆಲದಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಲು ಮಾತ್ರ. ಮೆಟ್ಟಿಲಿಗೆ, ಹೊಸಿಲಿಗೆ, ಅಂಗಳದ ಇಂಟರ್‌ಲಾಕಿಗೆ ಅವು ಆಗುವುದಿಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್ ಪ್ರಕಾರ, ಹಿಡಿಕೆ, ನಿಲುವು ಎಲ್ಲವೂ ಅನುಕೂಲಕರವಾಗಿದ್ದರೂ ಒಬ್ಬರು ಎತ್ತಲು ಸೂಚಿಸಿರುವ ಮಿತಿ 23 ಕೆ.ಜಿ. ಅನೇಕ ಮನೆಬಳಕೆಯ ಸೈಕಲ್ಲುಗಳೇ ಈ ಮಿತಿಯನ್ನು ದಾಟುತ್ತವೆ, ಸ್ಪಿನ್ ಬೈಕು 40 ಕೆ.ಜಿ.ಗೂ ಹೆಚ್ಚು ಇರಬಹುದು. ಅದರ ಭಾರವೂ ಸಮನಾಗಿ ಹಂಚಿರುವುದಿಲ್ಲ. ಫ್ಲೈವೀಲ್ ಇರುವ ತುದಿಗೇ ಹೆಚ್ಚು ವಾಲುತ್ತದೆ.

ಕೋಣೆಯಿಂದ ಕೋಣೆಗೆ ಒಯ್ಯುವಾಗ: ದಾರಿಯಲ್ಲಿನ ಕಾಲೊರಸು ಎತ್ತಿ, ನೆಲ ಒರೆಸಿ ಒಣಗಿಸಿ. ಮಳೆಗಾಲದಲ್ಲಿ ಟೈಲ್ಸ್ ನೆಲ ಕಣ್ಣಿಗೆ ಕಾಣದಂತೆ ತೇವವಾಗಿರುತ್ತದೆ. ಅಡಾಪ್ಟರ್ ವಯರ್ ಇದ್ದರೆ ಬಿಚ್ಚಿ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಹಿಂದಿನ ಅಡ್ಡಕಾಲನ್ನು ಎತ್ತಿ, ಮುಂದಿನ ಚಕ್ರಗಳ ಮೇಲೆ ನಿಧಾನ ತಳ್ಳಿ. ಹ್ಯಾಂಡಲ್ ಹಿಡಿದು ಮುಂದಕ್ಕೆ ವಾಲಿಸುವಂತೆ ನಿಮ್ಮ ಸೈಕಲ್ಲಿನ ಕೈಪಿಡಿಯಲ್ಲಿ ಹೇಳಿದ್ದರೆ ಹಾಗೆ ಮಾಡಿ, ಆದರೆ ಹ್ಯಾಂಡಲ್ ಬೋಲ್ಟು ಬಿಗಿಯಾಗಿದೆಯೇ ಎಂದು ಮೊದಲು ನೋಡಿ. ಪರದೆ, ಸೀಟು, ಪೆಡಲ್, ಚಕ್ರ, ಈ ನಾಲ್ಕನ್ನು ಹಿಡಿದು ಎತ್ತಬೇಡಿ.

ಪೆಡಲ್ ಕಟ್ಟುವುದನ್ನು ಮರೆಯಬೇಡಿ. "ತಡೆಯನ್ನು ಗರಿಷ್ಠಕ್ಕೆ ತಿರುಗಿಸಿದರೆ ಲಾಕ್ ಆಗುತ್ತದೆ" ಎಂಬುದು ಪ್ಯಾಡ್ ಇರುವ ಸೈಕಲ್ಲಿಗೆ ಮಾತ್ರ ಅನ್ವಯ. ಅಯಸ್ಕಾಂತದ ಸೈಕಲ್ಲಿನಲ್ಲಿ, ನಾವು ಮೇಲೆ ಹೇಳಿದಂತೆ, ನಿಂತ ಚಕ್ರಕ್ಕೆ ತಡೆ ಇರುವುದಿಲ್ಲ. ಎತ್ತಿದ ಕ್ಷಣ ಪೆಡಲ್ ತಿರುಗಿ ಮೊಣಕಾಲಿನ ಕೆಳಗಿನ ಮೂಳೆಗೆ ಬಡಿಯುತ್ತದೆ. ಆ ಗಾಬರಿಯಲ್ಲಿ ಕೈ ಬಿಟ್ಟರೆ ಸೈಕಲ್ ಪಾದದ ಮೇಲೆ.

ಮೆಟ್ಟಿಲಿನಲ್ಲಿ ಸಾಗಿಸುವಾಗ: ಇಬ್ಬರು ಬೇಕೇ ಬೇಕು. ಹಳೆಯ ಹೆಂಚಿನ ಮನೆಗಳ ಉಪ್ಪರಿಗೆಗೆ ಹೋಗುವ ಕಡಿದಾದ ಮರದ ಏಣಿಮೆಟ್ಟಿಲಿನಲ್ಲಿ ಜೋಡಿಸಿದ ಸೈಕಲ್ಲನ್ನು ಸಾಗಿಸುವ ಸಾಹಸ ಬೇಡ. ಲಿಫ್ಟ್ ಇದ್ದರೆ ಲಿಫ್ಟ್. ಇಲ್ಲದಿದ್ದರೆ ಸೀಟು, ಹ್ಯಾಂಡಲ್, ಪರದೆ, ಪೆಡಲ್, ಅಡ್ಡಕಾಲುಗಳನ್ನು ಬಿಚ್ಚಿ ಬೇರೆ ಬೇರೆಯಾಗಿ ಒಯ್ಯಿರಿ. ಉಳಿದ ಚೌಕಟ್ಟನ್ನು ಹಿಡಿಯುವಾಗ ಕೆಳಗಿನ ಮೆಟ್ಟಿಲಲ್ಲಿರುವವರ ಮೇಲೆ ಹೆಚ್ಚು ಭಾರ ಬೀಳುತ್ತದೆ. ಆದ್ದರಿಂದ ಹೆಚ್ಚು ಬಲ ಇರುವವರು ಕೆಳಗಿರಲಿ. ಅವರ ಹಿಂದೆ ಮೆಟ್ಟಿಲಿನಲ್ಲಿ ಬೇರೆ ಯಾರೂ, ಮುಖ್ಯವಾಗಿ ಮಕ್ಕಳು, ಇರಬಾರದು. ಹೊರಡುವ ಮೊದಲೇ "ನಿಲ್ಲು" ಎಂದರೆ ಇಬ್ಬರೂ ನಿಲ್ಲಬೇಕು ಎಂದು ಮಾತಾಡಿಕೊಳ್ಳಿ. ಕೂಲಿಗೆ ಜನ ಕರೆದರೂ ಈ ಎಚ್ಚರಿಕೆಗಳನ್ನು ಹೇಳಿ. ಅವರ ಬೆನ್ನೂ ಬೆನ್ನೇ.

ಬಿಚ್ಚುವಾಗ ಅನೇಕರು ಎಡವುವುದು ಪೆಡಲಿನಲ್ಲಿ. ಬಲ ಪೆಡಲ್ ಮಾಮೂಲಿಯಂತೆ ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಎಡ ಪೆಡಲಿನ ಸುರುಳಿ ತಿರುಗುಮುರುಗು: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲ, ವಿರುದ್ಧ ತಿರುಗಿಸಿದರೆ ಬಿಗಿ. ತುಳಿಯುತ್ತಾ ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದೇ ಹೀಗೆ ಮಾಡಿದ್ದಾರೆ. ಪೆಡಲಿನ ತುದಿಯಲ್ಲಿ ಎಡಕ್ಕೆ 'ಎಲ್', ಬಲಕ್ಕೆ 'ಆರ್' ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ. ಅದಲು ಬದಲು ಮಾಡಿ ಬಲವಂತವಾಗಿ ತಿರುಗಿಸಿದರೆ ಸುರುಳಿ ಹಾಳಾಗುತ್ತದೆ, ಮುಂದೊಂದು ದಿನ ತುಳಿಯುವಾಗಲೇ ಪೆಡಲ್ ಕಳಚಿಬೀಳುತ್ತದೆ. ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ, ಸಲೀಸಾಗಿ ಹೋದರೆ ಮಾತ್ರ ಸ್ಪ್ಯಾನರ್ ಹಿಡಿಯಿರಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ನಟ್ಟು-ಬೋಲ್ಟುಗಳನ್ನು ಒಂದೇ ಚೀಲದಲ್ಲಿ ಕಟ್ಟಿ ಚೌಕಟ್ಟಿಗೇ ಅಂಟಿಸಿ.

ವಾಹನದಲ್ಲಿ ಸಾಗಿಸುವಾಗ: ಗೂಡ್ಸ್ ಆಟೋದಲ್ಲಿ ನೆಟ್ಟಗೆ ನಿಲ್ಲಿಸಿ, ಎರಡು ಬದಿಯಿಂದ ಹಗ್ಗ ಬಿಗಿದು, ಪರದೆಗೆ ಹಳೆ ಬೆಡ್‌ಶೀಟ್ ಸುತ್ತಿ, ಮೇಲೆ ಟರ್ಪಾಲ್ ಹೊದಿಸಿ. ಪೆಡಲ್ ಇರುವಾಗಲೇ ಅಡ್ಡ ಮಲಗಿಸಿದರೆ ಇಡೀ ಭಾರ ಪೆಡಲ್ ಮತ್ತು ಪಕ್ಕದ ಮುಚ್ಚಳದ ಮೇಲೆ ಬೀಳುತ್ತದೆ. ಮಂಗಳೂರಿನ ಏರುತಗ್ಗಿನ ರಸ್ತೆಗಳಲ್ಲಿ ಸರಿಯಾಗಿ ಕಟ್ಟದ ಸೈಕಲ್ ಜಾರುವುದು ಸುಲಭ.

ಹೊಸ ಜಾಗಕ್ಕೆ ಬಂದ ಮೇಲೆ: ಅಡ್ಡಕಾಲಿನ ಕೆಳಗಿನ ಬಿರಡೆ ತಿರುಗಿಸಿ ಅಲುಗಾಡದಂತೆ ಮಟ್ಟ ಮಾಡಿ. ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಹತ್ತಿ ಇಳಿಯುವ ಬದಿಗಳಲ್ಲಿ ಕನಿಷ್ಠ 60 ಸೆಂ.ಮೀ., ಅಂದರೆ ಎರಡು ಅಡಿ, ಖಾಲಿ ಜಾಗ ಬಿಡಿ. ಎಲ್ಲ ಬೋಲ್ಟುಗಳನ್ನು ಬಿಗಿ ಮಾಡಿ, ಸೀಟು ಮತ್ತು ಹ್ಯಾಂಡಲ್ಲನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿ. ಮೊದಲ ದಿನ 10 ನಿಮಿಷ ಹಗುರವಾಗಿ ತುಳಿದು ಮತ್ತೊಮ್ಮೆ ಬೋಲ್ಟು ಪರೀಕ್ಷಿಸಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೂ ಇದೇ ಕ್ರಮ.

ಕರಾವಳಿಯ ಶತ್ರು: ತುಕ್ಕು

ಸಮುದ್ರದ ಉಪ್ಪು ಗಾಳಿಗೆ ನಮ್ಮ ಬೆವರಿನ ಉಪ್ಪೂ ಸೇರಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಬೆವರು ತೊಟ್ಟಿಕ್ಕುವುದು ಸೀಟಿನ ಕಂಬ ಮತ್ತು ಹ್ಯಾಂಡಲ್ ಬೋಲ್ಟಿನ ಮೇಲೆ, ಭಾರ ಹೊರುವ ಜಾಗಗಳೂ ಅವೇ. ತುಳಿದ ಮೇಲೆ ಒಣಬಟ್ಟೆಯಿಂದ ಒರೆಸಿ. ಸಿಟೌಟಿನಲ್ಲಿ ಇರಚಲು ಹೊಡೆಯುವ ಕಡೆ ಇಡಬೇಡಿ. ಒದ್ದೆ ಬಟ್ಟೆ ಹರವಿದರೆ ಆ ನೀರೂ ಬೋಲ್ಟಿಗೇ ಇಳಿಯುತ್ತದೆ! ತಿಂಗಳಿಗೊಮ್ಮೆ ಸೀಟಿನ ಕಂಬ ಹೊರತೆಗೆದು ಬಿರುಕು ಅಥವಾ ಆಳದ ತುಕ್ಕು ಇದೆಯೇ ನೋಡಿ. ಇದ್ದರೆ ಬದಲಿಸುವವರೆಗೆ ಕೂರಬೇಡಿ. ಬಹಳ ದಿನ ಬಳಸದಿದ್ದರೆ ಪರದೆಯ ಬ್ಯಾಟರಿ ತೆಗೆದಿಡಿ, ಇಲ್ಲವಾದರೆ ಸೋರಿ ಹಾಳಾಗುತ್ತದೆ.

ಹಂಚಿಕೊಳ್ಳುವುದಿದ್ದರೆ ಇಷ್ಟನ್ನು ಹಂಚಿಕೊಳ್ಳಿ

- ಸರಿಯಾದ ಎತ್ತರದ ಸೀಟಿನಲ್ಲಿ ಹಗುರವಾಗಿ ಸೈಕಲ್ ತುಳಿದರೆ ಮೊಣಕಾಲು ಸವೆಯುವುದಿಲ್ಲ.
- ಬೆವರು ಕೊಬ್ಬಲ್ಲ. ರೈನ್‌ಕೋಟ್ ಬೇಡ, ಫ್ಯಾನ್ ಬೇಕು.
- ಮೀಟರಿನ ಕ್ಯಾಲೊರಿ ಬರೀ ಅಂದಾಜು.
- ನಿಧಾನ ಶುರು ಮಾಡಿ. ಎದೆ ಬಿಗಿದರೆ ನಿಲ್ಲಿಸಿ, 108.
- ಮಕ್ಕಳು ಇರುವಾಗ ಬಾಗಿಲು ಮುಚ್ಚಿ, ಬಳಸಿದ ಮೇಲೆ ಪೆಡಲ್ ಕಟ್ಟಿ.
- ಸಾಗಿಸುವಾಗ ಬಿಚ್ಚಿ, ಕಟ್ಟಿ, ಇಬ್ಬರಾಗಿ ಎತ್ತಿ. ಎಡ ಪೆಡಲ್ ಉಲ್ಟಾ ತಿರುಗುತ್ತದೆ.

ದೂರದಲ್ಲಿದ್ದು ಅಪ್ಪ-ಅಮ್ಮನಿಗೆ ಸೈಕಲ್ ಕಳುಹಿಸುವವರಿಗೆ ನಮ್ಮದೊಂದು ಮಾತು. ಪೆಟ್ಟಿಗೆ ಮನೆ ಬಾಗಿಲಿಗೆ ಬಂದರೆ ಕೆಲಸ ಮುಗಿಯಲಿಲ್ಲ. ಜೋಡಿಸಿಕೊಡುವವರೊಬ್ಬರನ್ನು ಗೊತ್ತು ಮಾಡಿ, ವಿಡಿಯೋ ಕಾಲಿನಲ್ಲಿ ಸೀಟಿನ ಎತ್ತರ ನೋಡಿ, ಬ್ರೇಕ್ ನಾಬ್ ಎಲ್ಲಿದೆ ಎಂದು ಅವರಿಂದಲೇ ತೋರಿಸಿಕೊಳ್ಳಿ. ಅದಕ್ಕೆ ಹತ್ತು ನಿಮಿಷ ಸಾಕು.